ಕೊಂಡಿ ಹಾಕುವಾಗ ಬಂದ ಸಾಹೇಬರು

ನನ್ನ ಮಗ್ಗದ ಪಕ್ಕದ ಗೂಡಿನಲ್ಲಿ ಮೂರು ದಿನದಿಂದ ಒಂದು ಅರ್ಜಿ ಬಿದ್ದಿತ್ತು. ಓಣಿಯ ಹುಡುಗಿಯೊಬ್ಬಳು ತಂದುಕೊಟ್ಟು ಹೋದಳು. ನಡೆಯಲಾಗದವರ ಸೇವೆ ಮಾಡುವವರಿಗೂ ಸರ್ಕಾರ ಈಗ ತಿಂಗಳಿಗಿಷ್ಟು ಅಂತ ಕೊಡುತ್ತದಂತೆ. ಅದರಲ್ಲೊಂದು ಕಲಮು ಇದೆ: ‘ಆರೈಕೆ ಮಾಡುವವರ ಹೆಸರು’. ಅದರ ಮುಂದೆ ಒಂದು ಗೇಣು ಖಾಲಿ ಗೆರೆ. ಆ ಗೆರೆ ನೋಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು, ನಗುವಿನ ಹಿಂದೆಯೇ ಮೊಣಕಾಲು ನೋಯುತ್ತಿತ್ತು. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮದು ಇಳಕಲ್ಲು. ನಾನು ಸಾಲಿ ಬಿಟ್ಟದ್ದು ನಾಲ್ಕನೇ ಇಯತ್ತೆಗೆ. ಅಂದಿನಿಂದ ಒಬ್ಬರ ಮುಂದೂ ಕೈ ಚಾಚದೆ ಬದುಕಿದ್ದೇನೆ, ಇದನ್ನು ಜಂಬವೆಂದೇ ತಿಳಿಯಿರಿ, ಅಡ್ಡಿಯಿಲ್ಲ. ನನ್ನ ಅಣ್ಣನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎರಡೂ ಕಾಲು ಹೋದವು. ಅವನನ್ನು ಅಪ್ಪ ಹೆಗಲ ಮೇಲೆ ಹೊತ್ತು ಮೆಟ್ರಿಕ್ಕಿನವರೆಗೆ ಓದಿಸಿದ. ಹೀಗಾಗಿ ನಮ್ಮ ಮನೆಯಲ್ಲಿ ಅಕ್ಷರವೆಲ್ಲ ಅವನ ಪಾಲಿಗೆ, ಕಾಲೆಲ್ಲ ನನ್ನ ಪಾಲಿಗೆ ಬಂದವು. ಈ ಬರಹವನ್ನೂ ಅವನೇ ತಿದ್ದಿದ್ದಾನೆ. ಅವನ ಬಗ್ಗೆ ಎಲ್ಲಿಯಾದರೂ ಒಳ್ಳೆಯ ಮಾತು ಕಂಡರೆ ಅದು ಅವನೇ ಸೇರಿಸಿದ್ದೆಂದು ತಿಳಿಯಿರಿ.

ಹಳೆಯ ಬಾಗಲಕೋಟೆಗೆ ಅಣೆಕಟ್ಟಿನ ಹಿನ್ನೀರು ಬಂದು, ಮನೆ ಮಠ ಕಚೇರಿಗಳೆಲ್ಲ ನವನಗರಕ್ಕೆ ಗುಳೆ ಎದ್ದ ಕಾಲ ಅದು. ಹುನಗುಂದದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಾರೋ ಒಬ್ಬರು, “ಅಂಗವಿಕಲರಿಗಷ್ಟ ಅಲ್ಲೋ ಮಾರಾಯ, ಅವರನ್ನ ನೋಡ್ಕೊಳ್ಳಾವ್ರಿಗೂ ಸರ್ಕಾರ ಪಗಾರ ಕೊಡತೈತಿ,” ಅಂದರು. ಅವರು ಯಾರು, ಅವರಿಗೆ ಹೇಳಿದವರು ಯಾರು, ಇವತ್ತಿಗೂ ಗೊತ್ತಿಲ್ಲ. ನನಗೆ ಪಗಾರಕ್ಕಿಂತ ಹೆಚ್ಚಾಗಿ ಒಂದು ಆಸೆ ಹುಟ್ಟಿತು. ಅಣ್ಣನನ್ನು ಕ್ಷೌರಕ್ಕೆ, ದವಾಖಾನೆಗೆ, ಮದುವೆ ಮುಂಜಿಗೆ ಹೊತ್ತು ತಿರುಗಿದವನು ನಾನು. ‘ಇವನು ಅಣ್ಣನನ್ನು ನೋಡಿಕೊಳ್ಳುತ್ತಾನೆ’ ಎಂದು ಸರ್ಕಾರ ಒಂದು ಹಾಳೆಯ ಮೇಲೆ ಬರೆದು ಸಿಕ್ಕಾ ಒತ್ತಿದರೆ ಸಾಕಿತ್ತು. ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆ.

ಅರ್ಜಿ ಬರೆಯಬೇಕಾದವನು ಅಣ್ಣನೇ ತಾನೆ?

“ಯಾರು ಯಾರನ್ನ ನೋಡ್ಕೊಂತಾರಂತ ಬರೀಲಿ?” ಅಂದ, ಪೆನ್ನಿನ ಟೊಪ್ಪಿಗೆ ತೆಗೆಯುತ್ತ.

“ನಾ ನಿನ್ನ ನೋಡ್ಕೊಂತೇನಿ ಅಂತ.”

“ಹೌದೇನಲೇ? ನಿನ್ನ ರೇಷನ್ ಕಾರ್ಡ್ ಓದಾಂವ ಯಾರು? ನೇಕಾರರ ಸಂಘದಾಗ ನಿನ್ನ ಸಹಿ ಎಲ್ಲಿ ಮಾಡೂದಂತ ಬೊಟ್ಟು ಮಾಡಿ ತೋರಸಾಂವ ಯಾರು?”

ಕೊನೆಗೆ ಬರೆದ. ಎಷ್ಟು ಚಂದ ಬರೆದನೆಂದರೆ, ಓದಿ ಹೇಳಿದಾಗ ನನ್ನ ತ್ಯಾಗಕ್ಕೆ ನನಗೇ ಕಣ್ಣು ಒದ್ದೆಯಾದವು. ಎರಡು ತಿಂಗಳ ಮೇಲೆ, ಸ್ಥಳ ಪರಿಶೀಲನೆಗೆ ಸಾಹೇಬರು ಬರುತ್ತಾರೆಂದು ಕಾಗದ ಬಂತು.

ಸಾಹೇಬರು ಬರುವ ದಿನ ನನ್ನ ಹೆಂಡತಿ ನೀಲವ್ವ ನಸುಕಿನಲ್ಲೇ ನೀರು ಕಾಯಿಸಿ ಅಣ್ಣನಿಗೆ ಎರೆದು, ಇಸ್ತ್ರಿ ಅಂಗಿ ತೊಡಿಸಿದಳು. ಪಾದದವರೆಗೆ ಧೋತರ ಇಳಿಬಿಟ್ಟು, ಬಾಡಿಗೆಗೆ ತಂದ ಕುರ್ಚಿಯ ಮೇಲೆ ಕೂಡಿಸಿದಳು. ಅಣ್ಣ ಸಾಲಿಯ ಹೆಡ್‌ಮಾಸ್ತರನಂತೆ ಕಂಡ. ನಾನು ಮಗ್ಗದಲ್ಲಿದ್ದೆ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಇಳಕಲ್ಲ ಸೀರೆಯ ಒಡಲಿನ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಅನ್ನುತ್ತೇವೆ. ಕೊಂಡಿ ಹಾಕುವಾಗ ನಡುವೆ ಏಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಅಪ್ಪ ಹಾಗೆ ಕೂತಾಗ ಹಿತ್ತಲಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತಂತೆ. ಕೂತಲ್ಲಿಂದಲೇ, “ನೀರು ಹಾಕ್ರಿ,” ಅಂದನಂತೆ, ಅಷ್ಟೇ. ಇನ್ನೊಂದು ಮಾತು: ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಕಾಲು ಅದರಲ್ಲಿ ಇಳಿಬಿಟ್ಟು ಕೂಡುತ್ತೇವೆ. ಹೊರಗಿನಿಂದ ನೋಡಿದವರಿಗೆ ನಾವು ಸೊಂಟದಿಂದ ಮೇಲಷ್ಟೇ ಕಾಣುತ್ತೇವೆ.

ಸಾಹೇಬರು ದಕ್ಷಿಣದ ಕಡೆಯವರು, ಎಳೆಯ ವಯಸ್ಸು, ನಮ್ಮ ಜಿಲ್ಲೆಗೆ ಬಂದು ತಿಂಗಳಾಗಿರಲಿಲ್ಲ, ಅರ್ಜಿ ಪೂರಾ ಓದುವಷ್ಟು ಪುರಸೊತ್ತೂ ಸಿಕ್ಕಿರಲಿಲ್ಲವೇನೋ. ಬಿಸಿಲಿನಿಂದ ಒಳಗೆ ಬಂದವರಿಗೆ ನಮ್ಮ ಕತ್ತಲು ಪಡಸಾಲೆಯಲ್ಲಿ ಏನು ಕಂಡಿತೋ ಏನೋ.

“ಅರ್ಜಿದಾರರು ಯಾರು?”

“ನಾನ್ರಿ.”

“ಸ್ವಲ್ಪ ಎದ್ದು ಬನ್ನಿ.”

“ಈಗ ಏಳಾಕ ಆಗೂದಿಲ್ರಿ ಸಾಹೇಬ್ರ.”

ಅವರು ನೆಲದಿಂದ ಮೇಲೆದ್ದ ನನ್ನ ಅರ್ಧ ದೇಹವನ್ನು ನೋಡಿದರು. ದನಿ ಮೆತ್ತಗಾಯಿತು. “ಎಷ್ಟು ವರ್ಷದಿಂದ ಹೀಗೆ?”

“ಹತ್ತು ವರ್ಷದ ಹುಡುಗ ಇದ್ದಾಗಿಂದ್ರಿ. ನಮ್ಮಪ್ಪಾನೂ ಹಿಂಗ ಇದ್ದ, ಅಜ್ಜಾನೂ ಹಿಂಗ.”

“ಅಯ್ಯೋ. ಕಷ್ಟ ಆಗಲ್ವಾ?”

“ಏನ್ ಕಷ್ಟ ಬಿಡ್ರಿ. ಈ ಓಣ್ಯಾಗ ಎಲ್ಲಾರೂ ಹಿಂಗ ಅದೇವಿ.”

ಸಾಹೇಬರು ಬಾಗಿಲಿಗೆ ಹೋಗಿ ಓಣಿಯನ್ನು ಉದ್ದಕ್ಕೂ ನೋಡಿ ಬಂದರು. ಅಷ್ಟರಲ್ಲಿ ನಾನು ಎಳೆಯನ್ನು ಹಲ್ಲಿನಲ್ಲಿ ಕಚ್ಚಿದ್ದೆ, ಮಾತು ಬಂದ್. ಅವರು ಅಣ್ಣನ ಕಡೆ ತಿರುಗಿ, “ತಮ್ಮನನ್ನ ನೀವೇ ನೋಡ್ಕೋತೀರಾ?” ಎಂದರು. ಕಾಲಿನ ಮಾತು ತಾನಾಗಿ ತೆಗೆದವನಲ್ಲ ನಮ್ಮ ಅಣ್ಣ. “ಮತ್ಯಾರು ನೋಡಬೇಕ್ರಿ? ಅಕ್ಷರ ಕಮ್ಮಿ, ಸಿಟ್ಟು ಭಾಳ,” ಅಂದ. ಅಂದವನು ಸುಮ್ಮನಿರದೆ, ಅವರು ಬರೆದುಕೊಳ್ಳುತ್ತಿದ್ದ ನಮ್ಮ ಹೆಸರು ವಿಳಾಸದಲ್ಲಿ ಎರಡು ಕಡೆ ಕಾಗುಣಿತ ತಿದ್ದಿದ.

ನೀಲವ್ವ ಚಹಾ ತಂದಳು. “ನೀವೇನು ಕೆಲಸ ಮಾಡ್ತೀರಮ್ಮ?” ಎಂದು ಕೇಳಿದರು ಸಾಹೇಬರು.

“ನಾನೇನ್ ಮಾಡೂದ್ರಿ, ಮನ್ಯಾಗ ಇರ್ತೇನಿ,” ಅಂದು, ಅಣ್ಣ ಬಿಚ್ಚಿದ ಬಟ್ಟೆ ಹಿಂಡಲು ಹಿತ್ತಲಿಗೆ ಹೋದಳು.

ತಿಂಗಳೊಪ್ಪತ್ತಿನಲ್ಲಿ ವರದಿಯ ಪ್ರತಿ ಬಂತು. ಅಣ್ಣ ಪೇಪರು ಓದುವ ದನಿಯಲ್ಲೇ ಓದಿದ. ಅರ್ಜಿದಾರನಿಗೆ ಎರಡೂ ಕಾಲುಗಳಿಲ್ಲ. ಇದು ವಂಶಪಾರಂಪರ್ಯವಾಗಿ ಬಂದದ್ದು. ಓಣಿಯಲ್ಲಿ ಇಂಥ ಪ್ರಕರಣಗಳು ಹಲವು ಇರುವಂತಿದ್ದು ವೈದ್ಯಕೀಯ ತಪಾಸಣೆ ಅಗತ್ಯ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುಂದಿನ ಸಾಲನ್ನು ಅಣ್ಣ ಎರಡು ಸಲ ಓದಿದ. ಅರ್ಜಿದಾರನ ಅಣ್ಣನು ದೃಢಕಾಯನಾಗಿದ್ದು, ಈವರೆಗೆ ಪಡೆಯುತ್ತಿದ್ದ ಅಂಗವಿಕಲ ಮಾಸಾಶನವನ್ನು ನಿಲ್ಲಿಸಲಾಗಿದೆ.

ಮಾಸಾಶನವೆಂದರೆ ಏನು ಮಹಾ ಎನ್ನಬೇಡಿ. ಅದರಲ್ಲಿ ಅವನ ಪೇಪರು ಬರುತ್ತಿತ್ತು, ಮನೆಯ ಚಹಾಪುಡಿ ಬರುತ್ತಿತ್ತು. ಬಂದವರಿಗೆಲ್ಲ, “ಕುಂಡ್ರಿ, ಚಹಾ ಕುಡೀರಿ, ನಂದ ಐತಿ,” ಎನ್ನುತ್ತಿದ್ದ. ಮರುದಿನದಿಂದ ಅಣ್ಣ ಚಹಾ ಬಿಟ್ಟ. “ಪಿತ್ತ ಆಗತೈತಿ,” ಅಂದ. ನನ್ನ ಒಂದು ಗಾಜು ಹಾಕಿದ ಹಾಳೆಯ ಆಸೆಗೆ ಅವನ ಬಾಯಿಯ ಚಹಾ ಹೋಯಿತು.

ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಮೊದಲನೇ ಬಸ್ಸಿಗೆ ನವನಗರಕ್ಕೆ ಹೋದೆ. ಎಲ್ಲ ರಸ್ತೆಯೂ ಒಂದೇ ನಮೂನೆ, ಎಲ್ಲ ಕಟ್ಟಡಕ್ಕೂ ಹಸಿ ಸುಣ್ಣದ ವಾಸನೆ. ಮೇಲಿನಿಂದ ಅಣ್ಣ ಬೋರ್ಡು ಓದಿ, “ಎಡಕ್ಕ ಹೊಳ್ಳು… ಏ, ಅದು ನಿನ್ನ ಬಲಗೈಯಲೇ,” ಎನ್ನುತ್ತಿದ್ದ. ಕಾಲಿಲ್ಲದವರ ಕಚೇರಿ ಎರಡನೇ ಮಾಳಿಗೆಯ ಮೇಲಿತ್ತು.

ಗುಮಾಸ್ತರು ಫೈಲು ನೋಡಿದರು, ನನ್ನನ್ನು ನೋಡಿದರು. “ನಿಮಗ ಕಾಲಿಲ್ಲಂತ ಐತಲ್ರಿ ಇಲ್ಲಿ?”

“ಅದಾವ್ರಿ. ನೋಡ್ರಿ.”

“ನಾ ನೋಡಿದ್ರ ನಡಿಯೂದಿಲ್ಲ. ಕಾಲ ಅದಾವಂತ ಡಾಕ್ಟರ್ ಸರ್ಟಿಫಿಕೇಟ್ ತರ್ರಿ.”

ಇಳಿದು ದವಾಖಾನೆಗೆ ಹೋದೆವು. ಡಾಕ್ಟರು ಪುಣ್ಯಾತ್ಮರು, ಕಪಾಟೆಲ್ಲ ಹುಡುಕಿದರು. “ಕಾಲಿಲ್ಲದವರಿಗೆ ಕೊಡೂ ಫಾರ್ಮ್ ಐತಿ. ಇದ್ದವ್ರಿಗೆ ಕೊಡೂ ಫಾರ್ಮ್ ಸರ್ಕಾರ ಇನ್ನೂ ಕಳಿಸಿಲ್ಲ ನೋಡ್ರಿ,” ಎಂದರು. ಮತ್ತೆ ಹತ್ತಿದೆವು. ಆ ಮೆಟ್ಟಿಲ ಮೇಲೆ ಅದೇ ಸಾಹೇಬರು ಎದುರಾದರು. ನನ್ನ ಮುಖ ನೋಡಿ, ಆಮೇಲೆ ನನ್ನ ಕಾಲು ನೋಡಿ, ಕೊನೆಗೆ ನನ್ನ ಹೆಗಲ ಮೇಲಿಂದ ನಮಸ್ಕಾರ ಮಾಡುತ್ತಿದ್ದ ದೃಢಕಾಯನನ್ನು ನೋಡಿ ಗೋಡೆ ಹಿಡಿದು ನಿಂತರು.

“ಮತ್ತೆ ಅವತ್ತು ಯಾಕ್ರೀ ಏಳಲಿಲ್ಲ?”

“ಕೊಂಡಿ ಹಾಕಾಕತ್ತಿದ್ದೆ ಸಾಹೇಬ್ರ.”

ಅಣ್ಣ ಬೆನ್ನ ಮೇಲಿಂದಲೇ ಕುಣಿ, ಮಗ್ಗ, ಕೊಂಡಿ ಎಲ್ಲ ವಿವರಿಸಿದ. ಸಾಹೇಬರ ಮುಖ ಕೆಂಪಾಯಿತು. ಒಳ್ಳೆಯ ಮನುಷ್ಯ. ಅಲ್ಲೇ ನಿಂತು ವರದಿ ಹೊಡೆದುಹಾಕಿ, ಮಾಸಾಶನ ಮತ್ತೆ ಚಾಲೂ ಮಾಡಲು ಬರೆದರು. “ಇರಲಿ, ನಿಮ್ಮಿಬ್ಬರಲ್ಲಿ ನಿಜಕ್ಕೂ ಯಾರು ಯಾರನ್ನ ನೋಡ್ಕೊಳ್ಳೋದು?” ಎಂದರು.

“ನಾನ್ರಿ,” ಅಂದೆವು ಇಬ್ಬರೂ ಕೂಡಿಯೇ.

ಸಾಹೇಬರು ಪೆನ್ನು ಜೇಬಿಗೆ ಹಾಕಿದರು. ನನ್ನ ಅರ್ಜಿಯನ್ನು ಏನು ಮಾಡಿದರೆಂದು ಕೇಳಿದಾಗ, ಅಂಥ ಯೋಜನೆಯೇ ಇಲ್ಲವೆಂದರು. ಇಲ್ಲದ ಯೋಜನೆಗೆ ಪರಿಶೀಲನೆ ಯಾಕೆ ಬಂದಿರಿ ಎಂದರೆ, “ಅರ್ಜಿ ಬಂದಿತ್ತಲ್ಲ,” ಎಂದರು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನೀಲವ್ವ ಅಣ್ಣನನ್ನು ನನ್ನ ಬೆನ್ನಿಂದ ಇಳಿಸಿಕೊಂಡು, ಇಬ್ಬರಿಗೂ ಬಿಸಿನೀರು ಕೊಟ್ಟು, ಚಹಾಕ್ಕಿಟ್ಟಳು. ಕತೆ ಕೇಳಿ ನಕ್ಕಳು. ನಕ್ಕು ಮುಗಿಸಿ, “ಭಾವಾರ, ಆ ಕಾಗದದಾಗ ನನ್ನ ಬಗ್ಗೆ ಏನರ ಬರದಾರೇನ್ರಿ?” ಎಂದಳು.

ಅಣ್ಣ ಹುಡುಕಿ ಓದಿದ: “ಪತ್ನಿ ಇದ್ದಾಳೆ. ಕೆಲಸವಿಲ್ಲ.”

“ಹಂಗೇನ್ರಿ,” ಅಂದು ಹೊರಳಿ, ಅಣ್ಣನ ಹಾಸಿಗೆ ಬಿಡಿಸಲು ಹೋದಳು. ನಾವಿಬ್ಬರೂ ಇನ್ನೊಮ್ಮೆ ನಕ್ಕೆವು. ನಾನು ಸ್ವಲ್ಪ ಜೋರಾಗಿಯೇ ನಕ್ಕೆ, ನೆನಪಿದೆ.

ಈಗ ನನ್ನ ಮೊಣಕಾಲು ಸವೆದಿವೆ. ಕುಣಿಯಿಂದ ಏಳುವಾಗ ಅಣ್ಣ ಕಟ್ಟೆಯ ಮೇಲೆ ಕೂತು ತೋಳು ಕೊಡುತ್ತಾನೆ, ಬೆನ್ನಿಗೆ ನೀಲವ್ವ ಕೈ ಕೊಡುತ್ತಾಳೆ. ಸಾಹೇಬರ ವರದಿ ಇಪ್ಪತ್ತು ವರ್ಷ ಮೊದಲೇ ಬಂದಿತ್ತು, ಅಷ್ಟೇ.

ಇವತ್ತು ಮುಂಜಾನೆ ಅಣ್ಣನಿಗೆ ಅರ್ಜಿ ಕೊಟ್ಟೆ. “ಆರೈಕಿ ಮಾಡಾವ್ರ ಹೆಸರಿನ ಮುಂದ ನೀಲವ್ವ ಅಂತ ಬರಿ,” ಅಂದೆ. ಅವನು ಹಾಳೆ ಹೊರಳಿಸಿ ತೋರಿಸಿದ. ಗೆರೆ ಖಾಲಿ ಇರಲಿಲ್ಲ. “ನಿನ್ನೆ ರಾತ್ರಿ ನೀ ಮಲಗಿದ ಮ್ಯಾಲ ಗೂಡಿನಾಗಿಂದ ತಗದು ಬರದೇನಿ. ನೀ ಯಾವಾಗ ಹೇಳ್ತಿ ಅಂತ ನೋಡಾಕತ್ತಿದ್ದೆ,” ಅಂದ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ನನ್ನ ಹೆಸರು ಯಾಕ ಹಾಕಿದ್ರಿ? ಸಾಹೇಬ್ರು ಬಂದು ‘ಎದ್ದು ಬಾ’ ಅಂದ್ರ ಏನ್ ಮಾಡ್ಲಿ?”

“ಎದ್ದು ಹೋಗು,” ಅಂದೆ.

“ಹಂಚಿನ ಮ್ಯಾಲ ರೊಟ್ಟಿ ಇದ್ದಾಗ ನಾ ಏಳಾಕಿ ಅಲ್ಲ,” ಅಂದಳು. ಸಪ್ಪಳ ಮತ್ತೆ ಸುರುವಾಯಿತು.