ಹಿಮ ಬಿಟ್ಟುಹೋದ ಹೊಯ್ಗೆ

ಸೌದಿಯ ಖಸೀಮ್ ಪ್ರಾಂತ್ಯದಲ್ಲಿ, ಬುರೈದಾ ಪಟ್ಟಣದ ಹೊರಗೆ ಒಂದು ಖರ್ಜೂರದ ತೋಟದಲ್ಲಿ ನಾನು ಕೊರೆದ ಎರಡು ಬೋರ್‌ವೆಲ್‌ಗಳಲ್ಲೂ ನೀರು ಸಿಗಲಿಲ್ಲ. ಉಡುಪಿ ಕಡೆಯಿಂದ ಬಂದು ರಿಗ್ ಲಾರಿ ಹತ್ತಿದವ ನಾನು. ಆಳದಿಂದ ಮೇಲೆ ಬರುವ ಕೆಸರನ್ನು ಬೆರಳಲ್ಲಿ ತಿಕ್ಕಿದರೆ ಕೆಳಗೆ ಎಂತ ಉಂಟು ಎಂದು ಹೇಳಬಲ್ಲೆ. ಎರಡೂ ಕಡೆ ಬಂದದ್ದು ಬೂದುಬಣ್ಣದ ಜಿಗುಟು ಜೇಡಿ. ಅಂಥ ಜೇಡಿ ನೀರು ಬಿಟ್ಟುಕೊಡುವುದಿಲ್ಲ.

ತೋಟದ ಯಜಮಾನರು ಎಪ್ಪತ್ತು ದಾಟಿದ ಅರಬರು. ಮೂರನೆಯದನ್ನೂ ಪಂಪ್ ಮನೆಯ ಪಕ್ಕದಲ್ಲೇ ಕೊರೆಯಬೇಕೆಂದು ಹಟ ಹಿಡಿದರು. ನಾನು ಆಗದು ಅಂದೆ. ತೋಟದ ಪೂರ್ವಕ್ಕೆ ಅವರದೇ ಖಾಲಿ ಜಾಗವಿತ್ತು. ಅದರಾಚೆಯಿಂದ ಮರಳುಗಲ್ಲಿನ ಗುಡ್ಡದ ಸಾಲೊಂದು ಹೊಳೆಯ ಹಾಗೆ ಬಳುಕಿ ಬಂದು ಅಲ್ಲಿಯೇ ನೆಲದೊಳಗೆ ಇಳಿಯುತ್ತಿತ್ತು. "ಕೊರೆಯುವುದಾದರೆ ಅಲ್ಲಿ" ಎಂದೆ.

ಆ ಗುಡ್ಡ ನನಗೆ ಹೊಸದಲ್ಲ. ಹಿಂದಿನ ಚಳಿಗಾಲ ರಿಯಾದಿನಿಂದ ಬಂದಿದ್ದ ಭೂವಿಜ್ಞಾನಿಯೊಬ್ಬರಿಗೆ ಅಲ್ಲಿಯೇ ಕಲ್ಲಿನ ಮಾದರಿ ಕೊರೆದುಕೊಟ್ಟಿದ್ದೆ. ಆ ಹೆಣ್ಣುಮಗಳು ಊಟದ ಹೊತ್ತಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ನಲವತ್ತು ಕೋಟಿ ವರ್ಷಕ್ಕೂ ಹಿಂದೆ ಈ ನೆಲ ದಕ್ಷಿಣ ಧ್ರುವದ ಹತ್ತಿರವಿತ್ತಂತೆ. ಇದರ ಮೇಲೆ ಸರಿದ ಹಿಮದ ಹಾಸು ಜೇಡಿಯನ್ನು ಕೆತ್ತಿ ಕಣಿವೆ ಮಾಡಿತು. ಕರಗಿದ ನೀರು ಆ ಕಣಿವೆಗೆ ಮರಳು, ಅಂದರೆ ನಮ್ಮ ಕಡೆಯ ಹೊಯ್ಗೆ, ಮತ್ತು ಜಲ್ಲಿ ತುಂಬಿತು. ಆಮೇಲೆ ಸುತ್ತಲಿನ ಮೆತ್ತನೆಯ ಜೇಡಿ ಸವೆದು, ಗಟ್ಟಿಯಾದ ಮರಳುಗಲ್ಲು ಗುಡ್ಡವಾಗಿ ಉಳಿಯಿತು. ಅದೇ ಮರಳು ಆ ಖಾಲಿ ಜಾಗದ ಅಡಿಯಲ್ಲೂ ಮುಂದುವರಿದಿದೆ ಎಂಬುದು ನನ್ನ ಲೆಕ್ಕ.

ರಿಗ್ಗಿನ ಮಾಲೀಕರು ಭಟ್ಕಳದವರು. ಸುದ್ದಿ ಮುಟ್ಟಿದ್ದೇ ಫೋನ್ ಮಾಡಿದರು.

"ಎಂತ ಮಾರಾಯ, ಮರುಭೂಮಿಯಲ್ಲಿ ಐಸ್ ಹುಡುಕ್ತಾ ಇದ್ದೀಯಂತೆ?"

"ಐಸ್ ಅಲ್ಲ ಸಾಹೇಬ್ರೆ, ಅದು ಬಿಟ್ಟುಹೋದ ಹೊಯ್ಗೆ. ನೀರು ಅದರಲ್ಲಿ ನಿಲ್ತದೆ."

"ತಪ್ಪಿದರೆ?"

"ತಪ್ಪುವುದಿಲ್ಲ."

ಯಜಮಾನರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. "ಖಸೀಮಿನಲ್ಲಿ ಹಿಮವೇ? ನಿನ್ನ ತಲೆಗೆ ಬಿಸಿಲು ಹತ್ತಿದೆ" ಎಂದು ನಕ್ಕರು. ನಾನು ವಾದ ಮಾಡದೆ ಅವರನ್ನು ಪಿಕಪ್‌ನಲ್ಲಿ ಕೂರಿಸಿಕೊಂಡು ಗುಡ್ಡದ ಬುಡಕ್ಕೆ ಹೋದೆ. ಅಲ್ಲಿ ಒಂದು ಚಪ್ಪಟೆ ಬಂಡೆಯ ಮೇಲೆ ಉದ್ದುದ್ದ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಹಿಮದ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಉಜ್ಜಿದ ಗುರುತು. ಅವರು ಚಪ್ಪಲಿ ಕಳಚಿ ಬಂಡೆಯ ಮೇಲೆ ಕೂತು, ಒಂದು ಗೀರಿನಲ್ಲಿ ಬೆರಳಿಟ್ಟು ತುದಿಯವರೆಗೆ ಎಳೆದರು.

"ಚಿಕ್ಕಂದಿನಲ್ಲಿ ಇಲ್ಲಿ ಕುರಿ ಮೇಯಿಸಿದ್ದೇನೆ. ಗಾಡಿಯ ಜಾಡು ಅಂದುಕೊಂಡಿದ್ದೆ" ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡು, "ಯಲ್ಲಾ, ನಡಿ, ಕೊರಿ" ಎಂದರು.

ಮೊದಲ ಮೂರು ದಿನ ಮೇಲ್ಮಣ್ಣು, ಬೆಣಚುಕಲ್ಲು. ನಾಲ್ಕನೆಯ ಬೆಳಿಗ್ಗೆ ಕೊಳವೆಯಿಂದ ಬಿಳಿ ಮರಳು ಬಂತು, ಒದ್ದೆ ಮರಳು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ನೀರು. ಬಾಯಿಗೆ ಹಾಕಿ ನೋಡಿದೆ: ತುಸು ಉಪ್ಪು, ಖರ್ಜೂರಕ್ಕೆ ಧಾರಾಳ ಸಾಕು. ಯಜಮಾನರು ಅಂಗಿಯ ತೋಳು ಮೇಲೇರಿಸಿ ಅದೇ ನೀರಲ್ಲಿ ಕೈ, ಮುಖ, ಕಾಲು ತೊಳೆದು ನಮಾಜಿಗೆ ವುಜೂ ಮಾಡಿದರು.

ವಾರದೊಳಗೆ ಅವರು ನೆರೆಯವರನ್ನೆಲ್ಲ ಆ ಬಂಡೆಗೆ ಕರೆದೊಯ್ದು, ಹಿಮದ ಕಥೆಯನ್ನು ತಾವೇ ಕಂಡುಹಿಡಿದವರ ಹಾಗೆ ಹೇಳತೊಡಗಿದರು. ನಾನು ತಿದ್ದಲು ಹೋಗಲಿಲ್ಲ. ಕೇಳಿದವರಲ್ಲಿ ಇಬ್ಬರು ಬೋರ್‌ವೆಲ್‌ಗೆ ನನ್ನನ್ನೇ ಕರೆಸಿದರು.