ಬೋರ್ಡಿನ ಎರಡಕ್ಷರ

ಅವರು ಕುರ್ಚಿಯಲ್ಲಿ ಕೂತರೂ ಬಲಗಾಲು ಮಾತ್ರ ಕೂರುತ್ತಿರಲಿಲ್ಲ. ಮೇಜಿನ ಕೆಳಗೆ ಅದು ಒಂದೇ ಸಮ ಕುಣಿಯುತ್ತಿತ್ತು, ಮೇಜಿನ ಮೇಲೆ ನಮ್ಮೆಲ್ಲರ ಲೋಟದಲ್ಲಿ ಟೀ ನಡುಗುತ್ತಿತ್ತು. "ಸ್ವಲ್ಪ ನಿಲ್ಸಿ ಸಿಸ್ಟರ್" ಎಂದರೆ ಅದನ್ನು ನಿಲ್ಲಿಸಿ ಎಡಗಾಲು ಶುರು ಮಾಡುತ್ತಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಕಂದಿಕೆರೆ ಕಡೆಯ ಹಳ್ಳಿಗಳಿಗೆ ಸೂಜಿ, ಔಷಧಿ ಹೊತ್ತು ನಡೆದ ನರ್ಸು. "ಓಡಾಡಿದ ಕಾಲು ಕಣೇ. ಪೆನ್ಷನ್ ಬಂತು ಅಂತ ಅದಕ್ಕೆ ಯಾರು ಹೇಳ್ಬೇಕು?" ಎನ್ನುತ್ತಿದ್ದರು. ತಿಪಟೂರಿನಲ್ಲಿ ಆಟೋದವರಿಂದ ಹಿಡಿದು ಕೊಬ್ಬರಿ ಮಂಡಿಯ ಸಾಹುಕಾರರವರೆಗೆ ಎಲ್ಲರಿಗೂ ಅವರು ಸಿಸ್ಟರ್. ನನಗೂ.

ನಿವೃತ್ತರಾದ ಮೇಲೆ ಮನೆಯಲ್ಲಿ ಹಪ್ಪಳ ಒತ್ತಿಕೊಂಡಿರುವ ಪೈಕಿಯಲ್ಲ. ನಾಲ್ಕಾರು ಗೆಳೆಯರನ್ನು ಕಟ್ಟಿಕೊಂಡು ಒಂದು ಸಣ್ಣ ನಿಧಿ ಮಾಡಿದರು. ತೋಟ ಇದ್ದವರು ಒಂದೊಂದು ತೆಂಗಿನಮರವನ್ನು ಅದಕ್ಕೆ ಬಿಡಬೇಕು, ಆ ಮರದ ಕಾಯೆಲ್ಲ ನಿಧಿಗೆ. ದುಡಿಯುವವರ ಬದುಕಿನ ಬಗ್ಗೆ ಯಾರಾದರೂ ಏನಾದರೂ ಹುಡುಕಿ ತಿಳಿದು, ತಿಳಿದದ್ದನ್ನು ಊರಿಗೆ ಹೇಳುತ್ತೇನೆಂದರೆ ಅವರ ಬಸ್ಸಿನ ಖರ್ಚು, ಅಚ್ಚಿನ ಖರ್ಚು ಇದರಿಂದ. ಟೈರ್ ಅಂಗಡಿಯ ಮೇಲಿನ ಕೋಣೆಗೆ ಬೋರ್ಡು ಬಿತ್ತು: ಸಮಾಜವಾದಿ ಅಧ್ಯಯನ ಮತ್ತು ಜನಶಿಕ್ಷಣ ಸಹಾಯನಿಧಿ.

ಬೋರ್ಡು ನೋಡಿ ಮೊದಲು ಮೆಟ್ಟಿಲು ಹತ್ತಿದವರು ಮಗನ ಜಾತಿ ಪ್ರಮಾಣಪತ್ರ ಹಿಡಿದುಕೊಂಡೇ ಬಂದಿದ್ದರಂತೆ. "ಇದು ಯಾವ ಸಮಾಜ್ದೋರಿಗೆ ಸಿಸ್ಟರ್?"

ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಸಮಾಜ ಎಂದರೆ ಅವರವರ ಜಾತಿಯ ಸಂಘ, ಅಷ್ಟೇ. ಕಲ್ಯಾಣ ಮಂಟಪ, ಹಾಸ್ಟೆಲ್ಲು, ಗೋಡೆಯ ಕ್ಯಾಲೆಂಡರು ಎಲ್ಲವೂ ಒಂದಲ್ಲ ಒಂದು ಸಮಾಜದ್ದು. ವಾದಿ ಎಂಬುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಿಸ್ಟರ್ ಆ ಪತ್ರವನ್ನು ಮಡಿಚಿ ವಾಪಸು ಕೊಟ್ಟು, "ನಿಮ್ದು ಯಾವ್ದು ಅಂತ ಹೇಳ್ಬ್ಯಾಡಿ. ನಿಮ್ಮ ಮಗ ಏನ್ ತಿಳ್ಕಬೇಕು ಅಂತವ್ನೆ, ಅದ್ನೇಳಿ" ಅಂದರಂತೆ.

ನಾನಾಗ ತುರುವೇಕೆರೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂಬುದು ಹೆಸರಿಗೆ, ಉಪಚಾರವೇನೂ ಇರಲಿಲ್ಲ. ಅಸಂಘಟಿತ ವಲಯ, ಮಹಿಳಾ ಕಾರ್ಮಿಕರು, ಸವಾಲುಗಳು ಎಂದೆಲ್ಲ ಮಾರುದ್ದದ ಶೀರ್ಷಿಕೆ ಹೊತ್ತು ಹೋದೆ. ಸಿಸ್ಟರ್ ಪೂರ್ತಿ ಕೇಳಲೇ ಇಲ್ಲ.

"ಅಷ್ಟುದ್ದ ಬ್ಯಾಡ ಬುಡು. ನಿನ್ನ ತಲೆ ತಿಂತಾ ಇರೋದು ಯಾವ್ದು ಹೇಳು."

ತಡವರಿಸಿ ಹೇಳಿದೆ: "ಕೊಬ್ಬರಿ ಗೋಡೌನಿಗೆ ಕೆಲ್ಸಕ್ಕೆ ಹೋಗೋ ಹೆಂಗಸ್ರು ಕೈಗೂಸನ್ನ ಎಲ್ಲಿ ಬಿಡ್ತಾರೆ ಸಿಸ್ಟರ್?"

ಕಾಲಿನ ಕುಣಿತ ಜೋರಾಯಿತು. "ಇದಕ್ಕೆ ಕೊಡಣ" ಎಂದರು.

ಆ ಬೇಸಿಗೆ ಗೋಡೌನು ಗೋಡೌನು ತಿರುಗಿದೆ. ಕರೆಯದಿದ್ದರೂ ಅವರೂ ಬರುತ್ತಿದ್ದರು. ನಾನೆಲ್ಲಾದರೂ ಕೂತು ಬರೆದುಕೊಳ್ಳುತ್ತಿದ್ದರೆ "ಏಳೇ, ಬೇರು ಬುಟ್ಟೀಯ" ಎಂದು ಎಬ್ಬಿಸುತ್ತಿದ್ದರು. ತೊಲೆಗೆ ಕಟ್ಟಿದ ಸೀರೆ ಜೋಲಿಯಲ್ಲಿ, ನಾರಿನ ಧೂಳಿನ ನಡುವೆ ಕೂಸುಗಳು ಮಲಗಿದ್ದವು. ಕೆಲವು ಗೋಣಿಚೀಲದ ಮೇಲೆ. ಕೆಲವಕ್ಕೆ ಶಾಲೆ ಬಿಟ್ಟ ಅಕ್ಕಂದಿರು ಕಾವಲು. ಒಂದು ಕೂಸಿನ ಕೆಮ್ಮು ಕೇಳಿ ಸಿಸ್ಟರ್ ಅದರ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ಇದ್ದರು.

ತಿಳಿದದ್ದನ್ನು ಊರೆದುರು ಹೇಳುವುದು ನಿಧಿಯ ಕರಾರು. ಅದಕ್ಕೊಂದು ಹಾಲ್ ಬೇಕಿತ್ತು. ಆಗ ಒಂದು ಸಮಾಜದ ಅಧ್ಯಕ್ಷರು ತಾವೇ ಹುಡುಕಿಕೊಂಡು ಬಂದರು. ಕೊಬ್ಬರಿ ವ್ಯಾಪಾರಿ, ಕೆಟ್ಟವರಲ್ಲ. ನಾನು ಬರೆದದ್ದನ್ನು ಓದಿ ನಿಜವಾಗಿ ನೊಂದುಕೊಂಡಿದ್ದರು. ಹಾಲ್ ಪುಕ್ಕಟೆ, ಸಾಲದ್ದಕ್ಕೆ ಅದರ ಕೆಳಗಿನ ದೊಡ್ಡ ಕೋಣೆಯನ್ನೇ ಕೂಸುಗಳಿಗೆ ಕೊಡುತ್ತೇನೆಂದರು. ಒಂದೇ ಕೋರಿಕೆ.

"ಬೋರ್ಡ್‌ನಾಗೆ ವಾದಿ ಅನ್ನೋದು ತೆಗ್ಸಿಬುಡಿ ಸಿಸ್ಟರ್. ಎರಡಕ್ಷರ ಅಷ್ಟೇ. ಸಮಾಜ ಅಧ್ಯಯನ ಅಂತ ಇರ್ಲಿ. ನಮ್ಮೋರೂ ಒಪ್ತಾರೆ."

"ತೆಗೆದ್ರೆ ಕೋಣೆಗೆ ಯಾವ ಕೂಸು ಬರಬೋದು?"

"ಮೊದ್ಲು ನಮ್ಮ ಸಮಾಜದ್ದು. ಜಾಗ ಮಿಕ್ಕಿದ್ರೆ ನೋಡಣ."

ಅವತ್ತು ಸಿಸ್ಟರ್ ಕಾಲು ನಿಂತದ್ದನ್ನು ನಾನು ಮೊದಲ ಸಲ ಕಂಡೆ. "ಹಂಗಾದ್ರೆ ಆ ಎರಡಕ್ಷರ ಅಲ್ಲೇ ಇರ್ಲಿ ಕಣ್ರೀ" ಎಂದು ಅವರಿಗೆ ಟೀ ತರಿಸಿದರು.

ಅಧ್ಯಕ್ಷರು ಮೆಟ್ಟಿಲಿಳಿದದ್ದೇ ತಡ, ನಾನು ಹರಿಹಾಯ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದರಲ್ಲ ಎಂಬ ಉರಿ. "ಬೋರ್ಡು ಯಾರಿಗೆ ಬೇಕು ಸಿಸ್ಟರ್? ಅರ್ಧ ಕೂಸುಗಳಾದ್ರೂ ಧೂಳಿಂದ ಆಚೆ ಮಲಗ್ತಿದ್ವಲ್ಲ!"

ಅವರು ನನ್ನ ಮುಖವನ್ನೇ ನೋಡಿದರು. "ಸರಿ. ಯಾವ ಅರ್ಧ ಅಂತ ನೀನೇ ಹೋಗಿ ಆರಿಸ್ಕೊಂಡು ಬಾ. ನಾನು ಬೋರ್ಡು ಇಳಿಸ್ತೀನಿ."

ನಾನು ಹೋಗಲಿಲ್ಲ. ಅವರು ಗೆದ್ದರೆಂದೂ ಒಪ್ಪಲಿಲ್ಲ. ಆ ಮಳೆಗಾಲವಿಡೀ ಕೂಸುಗಳು ಜೋಲಿಯಲ್ಲೇ ಇದ್ದವು, ನಾನು ಸಿಸ್ಟರ್ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ನನ್ನ ವರದಿಯನ್ನು ಕೊನೆಗೆ ಗೋಡೌನುಗಳ ಮುಂದೆ, ಹೆಂಗಸರು ಬುತ್ತಿ ಬಿಚ್ಚುವ ಹೊತ್ತಿಗೆ ನಿಂತು ಹೇಳಿದೆವು. ಮಳೆ ನಿಂತ ಮೇಲೆ ಸಿಸ್ಟರ್ ಟೈರ್ ಅಂಗಡಿಯ ಮೇಲಿನ ಕೋಣೆಯಿಂದ ಮೇಜು, ಕುರ್ಚಿ, ಬೀರು ಎಲ್ಲ ಹೊರಗೆ ಹಾಕಿಸಿ, ನೆಲ ತೊಳೆಸಿ, ಜಮಖಾನ ಹಾಸಿಸಿದರು. ಗೋಡೌನಿನಲ್ಲೇ ದುಡಿದು ಸೊಂಟ ಬಿದ್ದಿದ್ದ ಒಬ್ಬಾಕೆಯನ್ನು ಆಯಾ ಮಾಡಿದರು. ಬೋರ್ಡು ಇದ್ದಲ್ಲೇ ಇತ್ತು, ಒಳಗೆ ಕೂಸುಗಳು ಬಂದವು.

ಅಲ್ಲಿಂದಾಚೆಗೆ ನಿಧಿಗೆ ಆಫೀಸೇ ಇಲ್ಲ. ಸಹಾಯ ಕೇಳಿ ಬಂದವರನ್ನು ಬಸ್ ಸ್ಟ್ಯಾಂಡಿನಿಂದ ಮಂಡಿವರೆಗೆ ನಡೆಸಿಕೊಂಡು ಹೋಗುತ್ತಾ ಮಾತಾಡಿಸುವರು. ಮಂಡಿ ಬರುವಷ್ಟರಲ್ಲಿ ಪ್ರಶ್ನೆ ಹೇಳಿ ಮುಗಿಸದವರಿಗೆ "ಇನ್ನೊಂದ್ ದಪ ಯೋಚ್ನೆ ಮಾಡ್ಕೊಂಡ್ ಬಾರಪ್ಪ" ಎನ್ನುವರು. ಮುನಿಸು ಬಿಟ್ಟು ಅವರ ಹಿಂದೆ ಓಡಿ ಓಡಿ ನನಗೂ ಸುಮ್ಮನೆ ಕೂರುವುದು ಮರೆತುಹೋಯಿತು.

ಹೋದ ವರ್ಷ ತುಮಕೂರಿನ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಅವರನ್ನು ಕೊಂಡೊಯ್ದಿತು. ನೊಣವಿನಕೆರೆಯ ಅವರ ಮನೆ ಮುಂದೆ ಸೇರಿದ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. "ಹೂಳೋದೋ, ಸುಡೋದೋ? ಯಾವ ಸಮಾಜ ಅಂತ ನಮಗೂ ಗೊತ್ತಿಲ್ಲ ಕಣಮ್ಮ." ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದು ನಾನು ಕೇಳೇ ಇರಲಿಲ್ಲ ಎಂಬುದು ಆಗ ಹೊಳೆಯಿತು, ಅಷ್ಟು ದುಃಖದಲ್ಲೂ ಹೆಮ್ಮೆಯಾಯಿತು. ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟಿದ್ದಾರೆ, ಮನೆಗೆ ತರುವುದಿಲ್ಲ ಎಂದೆ. ಹಾರ ಹಿಡಿದು ನಿಂತವರಿಗೆ ಏನು ಮಾಡಬೇಕೋ ತೋಚಲಿಲ್ಲ. ಆಯಾ ಕಣ್ಣೊರೆಸಿಕೊಂಡು, "ಸತ್ಮ್ಯಾಲೂ ಒಂದ್ಕಡೆ ಕೂರ್ಲಿಲ್ಲ ನೋಡಿ ನಮ್ಮವ್ವ" ಎಂದಳು. ಅಳುತ್ತಿದ್ದವರೂ ನಕ್ಕರು.

ಈಗ ನಿಧಿಯ ಓಡಾಟ ನನ್ನದು. ಸಿಸ್ಟರ್ ನನ್ನ ನೆಮ್ಮದಿ ಕೆಡಿಸಿ ಹೋದರು, ಅದಕ್ಕೇ ನಾನು ಅವರಿಗೆ ಋಣಿ. ಕೋಣೆ ಸಾಲುತ್ತಿಲ್ಲ. ಹೋದ ವಾರ ಚಿಕ್ಕನಾಯಕನಹಳ್ಳಿ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಅವಳಿ ಕೂಸುಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಒಂದಕ್ಕೆ ಮಾತ್ರ ಜಾಗ ಇದೆ ಎಂದು ಆಯಾ ಹೇಳಿದಳು. ಹುಡುಗಿ ಎರಡನ್ನೂ ನೋಡಿ, ಆಮೇಲೆ ನನ್ನನ್ನು ನೋಡಿದಳು.

"ಯಾವುದನ್ನ ಕೊಡ್ಲಿ ಅಕ್ಕಾ?"

ಎರಡನ್ನೂ ಇಸಿದುಕೊಂಡೆ. ಒಂದನ್ನು ಒಳಗೆ ಮಲಗಿಸಿ, ಇನ್ನೊಂದನ್ನು ಹೆಗಲಿಗೆ ಹಾಕಿಕೊಂಡು ಸಂಜೆ ಅವಳು ಬರುವವರೆಗೂ ಆ ಮೆಟ್ಟಿಲು ಹತ್ತಿ ಇಳಿದೆ. ನಿಂತರೆ ಅದು ಅಳುತ್ತಿತ್ತು.