ಗೋಣಿಯೊಳಗಿನ ಜೋಳ

ಇವತ್ತು ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಮಳೆಗೆ ನೆನೆದ ಗೋಣಿಚೀಲದ ವಾಸನೆ ಬಂತು. ಅಬಲೂರಿನ ನಮ್ಮ ಅಡುಗೆಮನೆ ಕಣ್ಣ ಮುಂದೆ ನಿಂತಿತು.

ನಾನು ಸಣ್ಣವಳಿದ್ದಾಗ ಒಮ್ಮೆ ಮಾಳಿಗೆ ಸೋರಿ, ಬಿತ್ತನೆಗೆಂದು ಬೂದಿ ಬೆರೆಸಿ ಮಡಕೆಯಲ್ಲಿಟ್ಟಿದ್ದ ಜೋಳಕ್ಕೆ ನೀರು ತಗುಲಿತ್ತು. ಅದು ಅವ್ವ ತವರಿನಿಂದ ತಂದ ತಳಿ. ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ.

"ಸತ್ತಾವು ಬಿಡು, ದನಕ್ಕ ಹಾಕು," ಎಂದ ಅಪ್ಪ.

ಮೊಳೆಯುತ್ತವೆಯೋ ಎಂದು ನೋಡಲು ಅವ್ವ ಒಂದು ಹಿಡಿ ಕಾಳನ್ನು ಒದ್ದೆ ಗೋಣಿಯ ತುಂಡಿನ ಮೇಲೆ ಹರಡಿ, ಚಾಪೆಯಂತೆ ಸುತ್ತಿ, ಒಲೆಯ ಪಕ್ಕದ ಗೂಟಕ್ಕೆ ನೆಟ್ಟಗೆ ತೂಗುಹಾಕಿದಳು.

"ಕಾಳಿಗೆ ತೊಟ್ಲಾ ಕಟ್ಟೀದಿ. ಜೋಗುಳಾನೂ ಹಾಡು," ಎಂದ ಅಪ್ಪ.

"ನೀವ ಹಾಡ್ರಿ. ನಿಮ್ಮ ದನಿಗೆ ಹೆದರಿ ಆದ್ರೂ ಏಳ್ತಾವು."

ಕೆಲವು ದಿನ ಕಳೆದು ಅವ್ವ ಸುರುಳಿ ಬಿಚ್ಚಿದಳು. ಒಂದಿಷ್ಟು ಕಾಳು ಕೊಳೆತಿದ್ದವು. ಉಳಿದವಕ್ಕೆಲ್ಲ ಬಿಳಿ ಬೇರು ಬಂದಿತ್ತು. ಕಾಳು ಯಾವ ಮಗ್ಗುಲಾಗಿ ಬಿದ್ದಿದ್ದರೂ, ಪ್ರತಿಯೊಂದು ಬೇರೂ ಹೊರಳಿ ನೆಲದ ಕಡೆಗೇ ಇಳಿದಿತ್ತು.

"ಒಳಗ ಕತ್ತಲಿ ಇತ್ತಲ್ಲವ್ವಾ, ನೆಲಾ ಎಲ್ಲೈತಿ ಅಂತ ಇವಕ್ಕ ಯಾರು ಹೇಳಿದ್ರು?" ಎಂದು ಕೇಳಿದೆ.

"ನನಗೂ ಗೊತ್ತಿಲ್ಲ, ನನ್ನವ್ವಾ," ಎಂದಳು ಅವ್ವ.

ಅಪ್ಪ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದ. "ಒಂದಿಷ್ಟು ಸತ್ತಾವು, ಈ ಸಲ ಸ್ವಲ್ಪ ಒತ್ತಾಗಿ ಬಿತ್ತೂಣು," ಎಂದ ಮೆಲ್ಲಗೆ.

ಬೇರಿನ ತುದಿಯಲ್ಲಿ ಪಿಷ್ಟದ ಕಣಗಳಿರುತ್ತವೆ, ಅವು ತಮ್ಮ ಭಾರಕ್ಕೆ ಕೆಳಗೆ ಕೂತು ಬೇರಿಗೆ ದಿಕ್ಕು ತಿಳಿಸುತ್ತವೆ ಎಂದು ಎಷ್ಟೋ ವರ್ಷಗಳ ನಂತರ ಓದಿದೆ. ಇವತ್ತು ಬಸ್ಸಿನಿಂದಲೇ ಅವ್ವನಿಗೆ ಫೋನ್ ಮಾಡಿ ಅದನ್ನು ಹೇಳಿದೆ.

"ಅಷ್ಟು ಸಣ್ಣ ಬೇರಿನ್ಯಾಗ ಅಷ್ಟೆಲ್ಲಾ ಐತೇನ?" ಎಂದಳು.